ಹಳೇ ಸಿನಿಮಾ, ಹೊಸ ಡಿಸ್ಕ್: ಪರದೆ ಮೇಲೆ ಇರುವೆ ಹರಿದಾಡುವುದೇಕೆ?

ಪ್ರಶ್ನೆ: ನಾನು ಸಾಗರದಲ್ಲಿ ಕಾಲೇಜು ಉಪನ್ಯಾಸಕ. 1990ರಲ್ಲಿ ಶಿವಮೊಗ್ಗದಲ್ಲಿ ಓದುತ್ತಿದ್ದಾಗ ಹಾಸ್ಟೆಲ್ ಹುಡುಗರೆಲ್ಲ ದುಡ್ಡು ಕೂಡಿಸಿ, ವಿಸಿಆರ್ ಬಾಡಿಗೆಗೆ ತಂದು 1987ರ ಹಾಲಿವುಡ್ ಸಾಹಸಚಿತ್ರ ‘ಲೀಥಲ್ ವೆಪನ್’ ನೋಡಿದ್ದೆವು. ಹುಚ್ಚು ಎಷ್ಟು ಹಿಡಿಯಿತೆಂದರೆ ಆಮೇಲೆ ಅದರ ಕ್ಯಾಸೆಟ್ಟನ್ನೇ ಕೊಂಡಿಟ್ಟುಕೊಂಡೆ. ಈಗ ಅಮೆರಿಕದಲ್ಲಿರುವ ಮಗಳು ರಜೆಗೆ ಬಂದಾಗ ಅದೇ ಚಿತ್ರದ ಹೊಸ 4ಕೆ ಡಿಸ್ಕ್, ಜೊತೆಗೊಂದು ಪ್ಲೇಯರ್ ತಂದುಕೊಟ್ಟಳು. ಹಾಕಿ ನೋಡಿದರೆ ನಿರಾಸೆ. ಪರದೆ ತುಂಬ ಇರುವೆ ಹರಿದಾಡಿದ ಹಾಗೆ ಸಣ್ಣ ಸಣ್ಣ ಚುಕ್ಕೆ. ರಾತ್ರಿಯ ದೃಶ್ಯಗಳೆಲ್ಲ ಕತ್ತಲು ಕತ್ತಲು. ಟಿವಿಯಲ್ಲಿ ‘ನಾಯ್ಸ್ ರಿಡಕ್ಷನ್’ ಹಾಕಿದೆ. ಚುಕ್ಕೆ ಹೋಯಿತು, ಮುಖಗಳು ಮೇಣದ ಗೊಂಬೆಯ ಹಾಗಾದವು. ಸಹೋದ್ಯೋಗಿಯೊಬ್ಬರು ‘1987ರಲ್ಲಿ 4ಕೆ ಎಲ್ಲಿತ್ತು? ಹಳೇದನ್ನೇ ಹಿಗ್ಗಿಸಿ ಹೊಸ ಡಬ್ಬಿಗೆ ಹಾಕಿ ಮಾರಿದ್ದಾರೆ’ ಎನ್ನುತ್ತಾರೆ. ಡಿಸ್ಕಿನಲ್ಲಿ 110 ನಿಮಿಷದ್ದೊಂದು, 117 ನಿಮಿಷದ್ದೊಂದು, ಹೀಗೆ ಎರಡು ಆವೃತ್ತಿ ಇವೆ. ನನ್ನ ಕ್ಯಾಸೆಟ್ ಡಬ್ಬಿಯ ಮೇಲೆ 105 ನಿಮಿಷ ಎಂದಿದೆ. ಹಾಗಾದರೆ ಅಂದು ನಾವು ನೋಡಿದ್ದು ಕತ್ತರಿ ಬಿದ್ದ ಚಿತ್ರವೆ? ಸಂಗೀತ ಕೂಡ ಯಾಕೋ ನನ್ನ ನೆನಪಿಗಿಂತ ತಗ್ಗಿದ ಶ್ರುತಿಯಲ್ಲಿ ಕೇಳಿಸಿತು. ಡಿಸ್ಕ್ ಮರಳಿಸಲೇ? ಓಟಿಟಿಯಲ್ಲಿ ನೋಡಿದರೆ ಸಾಕೆ? ಇಲ್ಲೇ ಕೊಂಡ ಕೆಲವು ಡಿವಿಡಿ ಈ ಪ್ಲೇಯರಿನಲ್ಲಿ ಓಡುತ್ತಲೂ ಇಲ್ಲ. ಹಳೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಯೋಚನೆಯೂ ಇದೆ. ಅದು ಮತ್ತು ನಮ್ಮ 1996ರ ಮದುವೆ ಕ್ಯಾಸೆಟ್ ಒಂದೇ ಕಪಾಟಿನಲ್ಲಿವೆ, ಎರಡಕ್ಕೂ ಸ್ವಲ್ಪ ಬಿಳಿ ಬೂಷ್ಟು ಹಿಡಿದಿದೆ.

ಉತ್ತರ: ಮೇಷ್ಟ್ರೇ, ಮೊದಲಿಗೆ ಒಂದು ಸಮಾಧಾನದ ಮಾತು. ನಿಮ್ಮ ಡಿಸ್ಕ್ ಕೆಟ್ಟಿಲ್ಲ, ಮಗಳು ಮೋಸ ಹೋಗಿಲ್ಲ. ಫಿಲಂ ಚಿತ್ರಗಳನ್ನು ವಿಡಿಯೋಗೆ ಇಳಿಸುವ ಟೆಲಿಸಿನಿ ಕೋಣೆಯಲ್ಲಿ, ಆಮೇಲೆ ಬಣ್ಣ ಹೊಂದಿಸುವ ಗ್ರೇಡಿಂಗ್ ಕೋಣೆಯಲ್ಲಿ ನನ್ನ ಇಪ್ಪತ್ತೆರಡು ವರ್ಷ ಕಳೆದಿದೆ. ಅಲ್ಲಿಗೆ ಬಂದ ನಿರ್ಮಾಪಕರು, ಟಿವಿ ಚಾನೆಲ್‌ನವರು, ಡಿವಿಡಿ ಮಾಡುವವರು ಎಲ್ಲರೂ ಪರದೆಗೆ ಬೆರಳು ತೋರಿಸಿ ಕೇಳುತ್ತಿದ್ದದ್ದು ಇದೇ ಪ್ರಶ್ನೆಯನ್ನು: ‘ಈ ಚುಕ್ಕೆ ತೆಗೀರಿ ಸಾರ್.’ ಹಾಗಾಗಿ ನಿಮ್ಮ ನಿರಾಸೆ ನನಗೆ ಹೊಸದಲ್ಲ. ನಿಮ್ಮ ಪತ್ರದಲ್ಲಿ ಹಲವು ತೊಡಕು ಒಂದೇ ಗಂಟಾಗಿವೆ, ಒಂದೊಂದೇ ಎಳೆ ಬಿಡಿಸೋಣ.

ಸಹೋದ್ಯೋಗಿಯ ಮಾತಿನಿಂದ ಶುರು ಮಾಡುತ್ತೇನೆ. 1987ರಲ್ಲಿ 4ಕೆ ಇರಲಿಲ್ಲ, ನಿಜ. ಆದರೆ 35 ಎಂಎಂ ನೆಗೆಟಿವ್ ಇತ್ತು. ಫಿಲಂನಲ್ಲಿ ಪಿಕ್ಸೆಲ್ ಎಂಬ ಲೆಕ್ಕವೇ ಇಲ್ಲ. ಬೆಳಕು ಬಿದ್ದ ಬೆಳ್ಳಿಯ ಲವಣದ ಹರಳುಗಳು ರಾಸಾಯನಿಕದಲ್ಲಿ ಮಿಂದು ಬಣ್ಣದ ಸಣ್ಣ ಮೋಡಗಳಾಗಿ ನಿಲ್ಲುತ್ತವೆ, ಆ ಕೋಟಿಗಟ್ಟಲೆ ಮೋಡಗಳೇ ಚಿತ್ರ. ಚೆನ್ನಾಗಿ ತೆಗೆದ, ಚೆನ್ನಾಗಿ ಕಾಪಾಡಿದ ನೆಗೆಟಿವ್‌ನಲ್ಲಿ ಮಾಮೂಲಿ ಬ್ಲೂರೇಯ 1920 ಅಡ್ಡ 1080 ಚುಕ್ಕಿಗಳಿಗೆ ಹಿಡಿಸದಷ್ಟು ವಿವರ ಇರುತ್ತದೆ. ಅದನ್ನು 3840 ಅಡ್ಡ 2160ರ 4ಕೆ ಡಿಸ್ಕಿಗೆ ತರುವುದು ಹಿಗ್ಗಿಸುವ ಕೆಲಸವಲ್ಲ. ಮೂವತ್ತೆಂಟು ವರ್ಷ ಡಬ್ಬಿಯೊಳಗೇ ಇದ್ದದ್ದನ್ನು ಈಗ ಹೊರಗೆ ತೆಗೆಯುವ ಕೆಲಸ. ನಿಮ್ಮ ಕ್ಯಾಸೆಟ್ಟಿನಲ್ಲಿ ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟು ಮಾತ್ರ ವಿವರ ಇತ್ತು. ಹಾಸ್ಟೆಲಿನಲ್ಲಿ ನಿಮಗೆ ಚುಕ್ಕೆ ಕಾಣಲಿಲ್ಲ, ಏಕೆಂದರೆ ಚುಕ್ಕೆ ಹಿಡಿಯುವಷ್ಟು ಶಕ್ತಿ ಆ ಟೇಪಿಗೆ ಇರಲಿಲ್ಲ. ಚುಕ್ಕೆಯ ಜೊತೆಗೇ ಕೋಟಿನ ನೇಯ್ಗೆ, ಕಣ್ಣಂಚಿನ ಸುಕ್ಕು, ಗೋಡೆಯ ಬಿರುಕು ಎಲ್ಲವೂ ಕರಗಿ ಹೋಗಿದ್ದವು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಚಿತ್ರಮಂದಿರಕ್ಕೆ ಬರುತ್ತಿದ್ದ ರೀಲು ಕೂಡ ನೆಗೆಟಿವ್ ಅಲ್ಲ. ಮೂಲ ನೆಗೆಟಿವ್‌ನಿಂದ ಇಂಟರ್‌ಪಾಸಿಟಿವ್, ಅದರಿಂದ ಇಂಟರ್‌ನೆಗೆಟಿವ್, ಅದರಿಂದ ಪ್ರಿಂಟ್, ಹೀಗೆ ಮೂರು ಮೆಟ್ಟಿಲು ಇಳಿದು ಟಾಕೀಸಿಗೆ ಬರುತ್ತಿತ್ತು. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ವಿವರ ಸೋರಿ ಹೋಗುತ್ತಿತ್ತು. ಹಾಗಾಗಿ ಮೂಲ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿದ ಒಳ್ಳೆಯ 4ಕೆ ಡಿಸ್ಕಿನಲ್ಲಿ, ಅಂದು ಲಾಸ್ ಏಂಜಲೀಸಿನ ಮೊದಲ ಸಾಲಿನ ಪ್ರೇಕ್ಷಕನಿಗೂ ಸಿಗದಿದ್ದ ಸೂಕ್ಷ್ಮ ಕಾಣಬಹುದು. ಮೇಕಪ್ಪಿನ ಅಂಚು, ಸಾಹಸ ಕಲಾವಿದನ ಮುಖ, ಹಿಂದೆ ಹಿಡಿದಿರುವ ತಂತಿ ಎದ್ದು ಕಂಡರೆ ಅಚ್ಚರಿಪಡಬೇಡಿ. ಪ್ರಿಂಟಿನಲ್ಲಿ ಮಸುಕಾಗಿ ಮುಚ್ಚಿಹೋಗುತ್ತದೆ ಎಂಬ ಲೆಕ್ಕದಲ್ಲೇ ಅವರು ಅದನ್ನೆಲ್ಲ ಮಾಡಿದ್ದರು.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲಾರೆ. 1987ರ ಹಾಲಿವುಡ್ ಚಿತ್ರ ಹೀಗೆ ಮರುಹುಟ್ಟು ಪಡೆಯುತ್ತದೆ, ಅದೇ ಕಾಲದ ನಮ್ಮ ಎಷ್ಟೋ ಕನ್ನಡ ಚಿತ್ರಗಳು ಮಸುಕು ಟೇಪಿನಲ್ಲಿ ಮಾತ್ರ ಉಳಿದಿವೆ. ಕಾರಣ ಒಂದೇ, ನೆಗೆಟಿವ್. ಆಗ ನಮ್ಮ ಚಿತ್ರಗಳ ಸಂಸ್ಕರಣೆ ಹೆಚ್ಚಾಗಿ ಮದ್ರಾಸಿನ ಲ್ಯಾಬ್‌ಗಳಲ್ಲೇ ಆಗುತ್ತಿತ್ತು, ನೆಗೆಟಿವ್ ಡಬ್ಬಿಗಳೂ ಅಲ್ಲೇ ಉಳಿದವು. ಒಂದು ಗೋದಾಮಿನಲ್ಲಿ ಡಬ್ಬಿಯೊಂದರ ಮುಚ್ಚಳ ತೆಗೆದಾಗ ಗಪ್ಪೆಂದು ವಿನೆಗರ್ ವಾಸನೆ ಹೊಡೆದದ್ದು ನನಗೆ ಇಂದಿಗೂ ಮೂಗಿನಲ್ಲಿದೆ. ಅಸಿಟೇಟ್ ಫಿಲಂ ಸೆಖೆಯಲ್ಲಿ, ತೇವದಲ್ಲಿ ಕೊಳೆಯಲು ಶುರುವಾದರೆ ಬರುವ ವಾಸನೆ ಅದು. ಒಳಗಿನ ರೀಲು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಉಳಿದದ್ದರಲ್ಲಿ ಎಷ್ಟು ಸತ್ವ ಇದೆ ಎಂಬುದಕ್ಕೆ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಸಾಕ್ಷಿ. ಫಿಲಂ ಹೆರಿಟೇಜ್ ಫೌಂಡೇಶನ್ ಕೈಗೊಂಡ ಅದರ ಪುನರುದ್ಧಾರ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ನೆಗೆಟಿವ್ ಉಳಿದರೆ ಚಿತ್ರ ಉಳಿಯುತ್ತದೆ. ಅದಿಲ್ಲದಿದ್ದರೆ ಎಂಥ ಯಂತ್ರ ತಂದರೂ ಇಲ್ಲದ ವಿವರವನ್ನು ಹುಟ್ಟಿಸಲು ಆಗದು.

ಈಗ ಇರುವೆಗಳ ವಿಷಯ. ಅದರ ಹೆಸರು ಗ್ರೇನ್. ನಾನು ಮೊದಲು ಹೇಳಿದ ಬಣ್ಣದ ಮೋಡಗಳೇ ಅವು. ಪ್ರತಿ ಫ್ರೇಮಿನಲ್ಲೂ ಮೋಡಗಳು ಬೇರೆ ಬೇರೆ ಜಾಗದಲ್ಲಿರುತ್ತವೆ, ಸೆಕೆಂಡಿಗೆ 24 ಫ್ರೇಮ್ ಓಡಿದಾಗ ಅವು ಸಳಸಳ ಹರಿದಾಡಿದ ಹಾಗೆ ಕಾಣುತ್ತದೆ. ಬೆಳಕು ಕಡಿಮೆ ಇದ್ದಲ್ಲಿ ಚಿತ್ರೀಕರಿಸಲು ಹೆಚ್ಚು ವೇಗದ ಫಿಲಂ ಬೇಕು. ವೇಗದ ಫಿಲಂ ಎಂದರೆ ದೊಡ್ಡ ಹರಳು, ದೊಡ್ಡ ಹರಳೆಂದರೆ ಕಣ್ಣಿಗೆ ಕಾಣುವ ಗ್ರೇನ್. ನಿರ್ದೇಶಕ ರಿಚರ್ಡ್ ಡಾನರ್, ಛಾಯಾಗ್ರಾಹಕ ಸ್ಟೀಫನ್ ಗೋಲ್ಡ್‌ಬ್ಲಾಟ್ ಈ ಚಿತ್ರದ ಎಷ್ಟೋ ಭಾಗವನ್ನು ರಾತ್ರಿಯಲ್ಲಿ, ಬೀದಿ ದೀಪ, ಕ್ರಿಸ್‌ಮಸ್ ದೀಪಗಳ ನಡುವೆ ಕಟ್ಟಿದ್ದಾರೆ. ಗ್ರೇನ್ ಇರಲೇಬೇಕು, ಇರದಿದ್ದರೆ ನಾನು ಅನುಮಾನ ಪಡುತ್ತಿದ್ದೆ.

ಕೆಲಸ ಕಲಿಯಲು ಬಂದ ಹುಡುಗರಿಗೆ ನಾನು ಅಕ್ಕಿಯ ಮೊರ ತೋರಿಸಿ ಹೇಳುತ್ತಿದ್ದೆ. ನೆಗೆಟಿವ್ ಮೇಲೆ ಕೂತ ಧೂಳು, ಗೀರು, ಕೂದಲು, ಅಂಟಿನ ಕಲೆ, ಇವು ಅಕ್ಕಿಯಲ್ಲಿರುವ ಕಲ್ಲು. ಒಂದೊಂದಾಗಿ ಆರಿಸಿ ತೆಗೆಯಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿದರೂ ಸರಿ. ಗ್ರೇನ್ ಎಂದರೆ ಅಕ್ಕಿಯೇ. ಕಲ್ಲು ಆರಿಸುವ ತಾಳ್ಮೆ ಇಲ್ಲವೆಂದು ಮೊರವನ್ನೇ ತಿಪ್ಪೆಗೆ ಸುರಿದರೆ ಊಟಕ್ಕೇನು ಮಾಡುವುದು? ನಾಯ್ಸ್ ರಿಡಕ್ಷನ್ ಮಾಡುವುದು ಇದನ್ನೇ. ಯಂತ್ರಕ್ಕೆ ಗ್ರೇನ್ ಯಾವುದು, ಚರ್ಮದ ರಂಧ್ರ ಯಾವುದು, ಉಣ್ಣೆ ಕೋಟಿನ ಎಳೆ ಯಾವುದು ಎಂಬ ಭೇದ ಪೂರ್ತಿ ತಿಳಿಯದು. ಸಣ್ಣದೆಲ್ಲವನ್ನೂ ಒಟ್ಟಿಗೆ ಒರೆಸುತ್ತದೆ. ನಿಮಗೆ ಕಂಡ ಮೇಣದ ಗೊಂಬೆ ಹುಟ್ಟಿದ್ದು ಹಾಗೆ. ನೀವು ಅದನ್ನು ಕಂಡ ಕೂಡಲೇ ಗುರುತಿಸಿದಿರಲ್ಲ, ನಿಮ್ಮ ಕಣ್ಣು ಸರಿಯಾಗಿಯೇ ಇದೆ.

ದೊಡ್ಡ ಸ್ಟುಡಿಯೋಗಳೂ ಈ ತಪ್ಪು ಮಾಡಿವೆ. ಅದೇ 1987ರ ‘ಪ್ರಿಡೇಟರ್’ ಚಿತ್ರಕ್ಕೂ ‘ಲೀಥಲ್ ವೆಪನ್’ಗೂ ಜೋಯಲ್ ಸಿಲ್ವರ್ ನಿರ್ಮಾಪಕರಲ್ಲೊಬ್ಬರು, ‘ಲೀಥಲ್ ವೆಪನ್’ ಬರೆದ ಶೇನ್ ಬ್ಲ್ಯಾಕ್ ‘ಪ್ರಿಡೇಟರ್’ನಲ್ಲಿ ಸೈನಿಕನೊಬ್ಬನ ಪಾತ್ರ ಮಾಡಿದ್ದಾರೆ. 2010ರಲ್ಲಿ ‘ಪ್ರಿಡೇಟರ್’ ಬ್ಲೂರೇ ಮರುಬಿಡುಗಡೆಯಾದಾಗ ಗ್ರೇನ್ ಎಲ್ಲ ಒರೆಸಿ, ಬೆವರಿಳಿಯುವ ಸೈನಿಕರನ್ನು ಪ್ಲಾಸ್ಟಿಕ್ ಗೊಂಬೆಗಳನ್ನಾಗಿ ಮಾಡಿದ್ದರು. ನಮ್ಮ ವೃತ್ತಿಯವರು ಇಂದಿಗೂ ಅದನ್ನು ಹೀಗೆ ಮಾಡಬಾರದು ಎಂಬುದಕ್ಕೆ ಉದಾಹರಣೆಯಾಗಿ ತೋರಿಸುತ್ತಾರೆ. 2024ರಲ್ಲಿ ಜೇಮ್ಸ್ ಕ್ಯಾಮರಾನ್ ಅವರ ಹಳೆಯ ಚಿತ್ರಗಳು 4ಕೆಯಲ್ಲಿ ಬಂದಾಗಲೂ ಇದೇ ಜಗಳ ಎದ್ದಿತು, ಈ ಬಾರಿ ಎಐ (ಕೃತಕ ಬುದ್ಧಿಮತ್ತೆ) ಯಂತ್ರಗಳು ಮುಖವನ್ನು ತಿದ್ದಿ ತೀಡಿದ್ದರ ಬಗ್ಗೆ. ಅಲ್ಲಿ ನಿರ್ದೇಶಕರೇ ನಿಂತು ಒಪ್ಪಿದ ರೂಪ ಅದು. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಅಂದಿನ ಫಿಲಂ, ಅಂದಿನ ಮಸೂರ, ಅಂದಿನ ಬೆಳಕು ಸೇರಿ ಹಿಡಿದದ್ದನ್ನು ಇಂದಿನ ಮೊಬೈಲ್ ಕ್ಯಾಮೆರಾದ ನುಣುಪಿಗೆ ಹೊಂದಿಸುವುದು ನನಗೆ ಸಂಕಟದ ವಿಷಯ.

ಒಂದು ಅನುಮಾನ ಕೇಳುತ್ತೇನೆ. ನೀವು ತೀರ್ಪು ಕೊಟ್ಟದ್ದು ಮೊದಲ ಎರಡು ಮೂರು ನಿಮಿಷ ನೋಡಿಯೇ ಅಲ್ಲವೆ? ಚಿತ್ರ ಶುರುವಾಗುವುದು ರಾತ್ರಿಯ ಲಾಸ್ ಏಂಜಲೀಸಿನ ಮೇಲೆ ಹೆಲಿಕಾಪ್ಟರ್ ಹಾರುತ್ತಾ, ಹಿನ್ನೆಲೆಯಲ್ಲಿ ಕ್ರಿಸ್‌ಮಸ್ ಹಾಡು, ಮೇಲೆ ಕಲಾವಿದರ ಹೆಸರು ಮೂಡುತ್ತಾ. ಆ ಕಾಲದಲ್ಲಿ ಚಿತ್ರದ ಮೇಲೆ ಅಕ್ಷರ ಮೂಡಿಸಬೇಕಾದರೆ ಆಪ್ಟಿಕಲ್ ಪ್ರಿಂಟರ್ ಎಂಬ ಯಂತ್ರದಲ್ಲಿ ಫಿಲಂನಿಂದ ಫಿಲಂಗೆ ಮತ್ತೆ ಫೋಟೋ ತೆಗೆಯಬೇಕಿತ್ತು. ಫೋಟೋದ ಫೋಟೋ. ಗ್ರೇನ್ ಮೇಲೆ ಗ್ರೇನ್ ಕೂರುತ್ತದೆ, ಚಿತ್ರ ಮೆತ್ತಗಾಗುತ್ತದೆ. ಫಿಲಂ ಕಾಲದ ಎಷ್ಟೋ ಚಿತ್ರಗಳಲ್ಲಿ ಅತಿ ಒರಟಾಗಿ ಕಾಣುವ ಭಾಗವೇ ಈ ಹೆಸರುಗಳ ಭಾಗ. ಹೆಸರು ಮುಗಿದ ಮೇಲೆ ಬರುವ ಮೊದಲ ನೇರ ಕಟ್‌ನಲ್ಲಿ ಕಣ್ಣಿಟ್ಟು ನೋಡಿ, ಪರದೆ ಒಮ್ಮೆಗೇ ತಿಳಿಯಾದ ಹಾಗಾಗುತ್ತದೆ. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಕಡೆಗಳಲ್ಲೂ ಹೀಗೆಯೇ. ಕರಗುವುದಕ್ಕೆ ಸ್ವಲ್ಪ ಮೊದಲೇ ಚಿತ್ರ ಮಸುಕಾಗಿ, ಮುಗಿದ ಮೇಲೆ ಮತ್ತೆ ಸರಿಯಾಗುತ್ತದೆ. ಅದು ಡಿಸ್ಕಿನ ದೋಷವಲ್ಲ, ಅಂದಿನ ಲ್ಯಾಬಿನವರ ಕೈಗುರುತು.

ಕತ್ತಲಿನ ತೊಡಕು ಬೇರೆ. ಅಲ್ಲಿ ತಪ್ಪು ಇರುವುದು ಬಹುಪಾಲು ಟಿವಿಯ ಸೆಟ್ಟಿಂಗಿನಲ್ಲಿ. 4ಕೆ ಡಿಸ್ಕುಗಳಲ್ಲಿ ಎಚ್‌ಡಿಆರ್ ಎಂಬ ಬೆಳಕಿನ ಲೆಕ್ಕ ಇರುತ್ತದೆ. ಮಾಮೂಲಿ ವಿಡಿಯೋದಲ್ಲಿ ‘ಇದು ಇಷ್ಟು ಶೇಕಡಾ ಬೆಳಕು’ ಎಂದಷ್ಟೇ ಬರೆದಿರುತ್ತದೆ, ಟಿವಿ ತನ್ನ ಶಕ್ತಿಗೆ ತಕ್ಕಂತೆ ಎಳೆದು ಬೆಳಗಿಸುತ್ತದೆ. ಎಚ್‌ಡಿಆರ್‌ನಲ್ಲಿ ‘ಈ ದೀಪ ಇಷ್ಟೇ ನಿಟ್ಸ್’ ಎಂದು ಖಚಿತ ಅಳತೆ ಇರುತ್ತದೆ. ನಿಟ್ಸ್ ಎಂದರೆ ಬೆಳಕಿನ ಮಾನ. ಗ್ರೇಡಿಂಗ್ ಕೋಣೆಯಲ್ಲಿ ನಾವು ಕೂರುವುದು ಹೆಚ್ಚುಕಡಿಮೆ ಕತ್ತಲಲ್ಲಿ, ಎದುರಿಗೆ 1000 ನಿಟ್ಸ್ ಅಥವಾ ಅದಕ್ಕೂ ಮೇಲೆ ಬೆಳಗುವ ಮಾನಿಟರ್. ಮಧ್ಯಮ ಬೆಲೆಯ ಎಷ್ಟೋ ಟಿವಿಗಳು 300ರ ಆಚೀಚೆ ನಿಲ್ಲುತ್ತವೆ. ಹೆಚ್ಚಿನ ಬೆಳಕನ್ನು ತನ್ನ ಮಿತಿಯೊಳಗೆ ತುರುಕಲು ಟಿವಿ ಒಟ್ಟು ಚಿತ್ರವನ್ನೇ ತಗ್ಗಿಸಿದಾಗ ಕತ್ತಲು ಇನ್ನಷ್ಟು ಕತ್ತಲಾಗುತ್ತದೆ. ಮಧ್ಯಾಹ್ನ ಕಿಟಕಿ ತೆರೆದಿಟ್ಟು ನೋಡಿದರೆ ಕೇಳುವುದೇ ಬೇಡ.

ಮಾಡಬೇಕಾದ್ದು ಇಷ್ಟು. ಟಿವಿಯಲ್ಲಿ ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನು ಆಯ್ದುಕೊಳ್ಳಿ, ಇಲ್ಲವಾದರೆ ‘ಸಿನಿಮಾ’ ಅಥವಾ ‘ಮೂವಿ’. ‘ವಿವಿಡ್’, ‘ಡೈನಮಿಕ್’ ಬೇಡ. ನಾಯ್ಸ್ ರಿಡಕ್ಷನ್ ಪೂರ್ತಿ ಆಫ್ ಮಾಡಿ. ಶಾರ್ಪ್‌ನೆಸ್ ಬಹಳ ಜನರ ಮನೆಯಲ್ಲಿ 50ರಲ್ಲಿ ಕೂತಿರುತ್ತದೆ, ಅದು ಪ್ರತಿ ಗ್ರೇನಿಗೂ ಬಿಳಿ ಅಂಚು ಕಟ್ಟಿ ಇರುವೆಯನ್ನು ಗೊದ್ದ ಮಾಡುತ್ತದೆ. ಸೊನ್ನೆಗೆ ಅಥವಾ ಸೊನ್ನೆಯ ಹತ್ತಿರಕ್ಕೆ ತನ್ನಿ. ನಿಮ್ಮ ತೊಂದರೆಯ ಅರ್ಧ ಪಾಲು ಇಲ್ಲೇ ಕಳೆಯುತ್ತದೆಂದು ನನ್ನ ಅನುಭವ. ಚಲನೆ ನುಣುಪಾಗಿಸುವ ಸೆಟ್ಟಿಂಗ್ ಒಂದಿರುತ್ತದೆ, ಕಂಪನಿಗೊಂದು ಹೆಸರು, ಅದನ್ನೂ ಆಫ್ ಮಾಡಿ. ಇಲ್ಲವಾದರೆ ಸಿನಿಮಾ ಹೋಗಿ ಧಾರಾವಾಹಿಯಾಗುತ್ತದೆ. ವಿದ್ಯುತ್ ಉಳಿಸುವ ‘ಇಕೋ’ ಮೋಡ್ ಕತ್ತಲಿನ ದೊಡ್ಡ ಕಾರಣ, ಸಿನಿಮಾ ನೋಡುವಷ್ಟು ಹೊತ್ತಾದರೂ ಆಫ್ ಮಾಡಿಡಿ. ಪ್ಲೇಯರ್ ಚುಚ್ಚಿರುವ ಎಚ್‌ಡಿಎಂಐ ಕಿಂಡಿಗೆ ‘ಎನ್‌ಹ್ಯಾನ್ಸ್ಡ್’ ಅಥವಾ ‘ಡೀಪ್ ಕಲರ್’ ಎಂಬ ಆಯ್ಕೆ ಇದ್ದರೆ ಹಾಕಿ, ಅದಿಲ್ಲದೆ ಎಚ್‌ಡಿಆರ್ ಸರಿಯಾಗಿ ದಾಟುವುದಿಲ್ಲ. ಇಷ್ಟಾದ ಮೇಲೂ ಕತ್ತಲೆನಿಸಿದರೆ ಡಿಸ್ಕಿನ ಬೆಳಕನ್ನು ಟಿವಿಯ ಮಿತಿಗೆ ಹೊಂದಿಸುವ ‘ಟೋನ್ ಮ್ಯಾಪಿಂಗ್’ ಅನ್ನು ಡೈನಮಿಕ್‌ಗೆ ಬದಲಿಸಿ ನೋಡಿ. ಶುದ್ಧಾಚಾರದವರು ಒಪ್ಪದಿರಬಹುದು, ನಿಮ್ಮ ಮನೆಯ ಬೆಳಕಿಗೆ ಅದು ಹೊಂದಿದರೆ ತಪ್ಪೇನಿಲ್ಲ. ನೋಡುವುದು ರಾತ್ರಿ ಊಟದ ಮೇಲಾಗಲಿ, ದೀಪ ಆರಿಸಿ, ಟಿವಿಯ ಹಿಂದೆ ಒಂದು ಸಣ್ಣ ಬಲ್ಬು ಉಳಿಸಿ.

ಪರೀಕ್ಷೆಗೆ ಕೊನೆಯ ಹೊಡೆದಾಟಕ್ಕೆ ಹೋಗಿ. ಚಿತ್ರದ ನಾಯಕರು ಇಬ್ಬರು ಪೊಲೀಸರು, ರಿಗ್ಸ್ (ಮೆಲ್ ಗಿಬ್ಸನ್) ಮತ್ತು ಅವನ ಜೊತೆಗಾರ ಮರ್ಟಾ (ಡ್ಯಾನಿ ಗ್ಲೋವರ್). ಮರ್ಟಾ ಮನೆಯ ಮುಂದಿನ ಹುಲ್ಲಿನ ಮೇಲೆ ರಿಗ್ಸ್‌ಗೂ ಗ್ಯಾರಿ ಬ್ಯೂಸಿ ಮಾಡಿದ ಖಳನ ಪಾತ್ರಕ್ಕೂ ಕೈಕೈ ಕಾದಾಟ. ರಾತ್ರಿ, ಮೇಲಿಂದ ಬೀಳುವ ಬೆಳಕು, ಒಡೆದ ಕೊಳಾಯಿಯಿಂದ ಮಳೆಯಾಗಿ ಸುರಿಯುವ ನೀರು, ಕೆಸರು. ನಿಮ್ಮ ಸೆಟ್ಟಿಂಗ್ ಸರಿ ಇದ್ದರೆ ನೀರಿನ ಹನಿಗಳು ಬೆಳಕಿಗೆ ಬೇರೆ ಬೇರೆಯಾಗಿ ಹೊಳೆಯುತ್ತವೆ, ಒದ್ದೆ ಮೈ ಹಿಂದಿನ ಕತ್ತಲಿನಿಂದ ಬಿಡಿಸಿಕೊಂಡು ನಿಲ್ಲುತ್ತದೆ, ಗ್ರೇನ್ ಅದರ ಮೇಲೆ ತೆಳು ಉಸಿರಿನಂತೆ ಆಡುತ್ತದೆ. ಸೆಟ್ಟಿಂಗ್ ತಪ್ಪಿದ್ದರೆ ನೀರು, ಮೈ, ಕತ್ತಲು ಮೂರೂ ಸೇರಿ ಒಂದೇ ಬೂದು ಮುದ್ದೆ. ಆ ಹೊಡೆದಾಟದ ವರಸೆಗಳಿಗಾಗಿ ಇಬ್ಬರೂ ನಟರು ಬ್ರೆಜಿಲಿಯನ್ ಜಿಯು ಜಿತ್ಸು ಎಂಬ ಮಲ್ಲವಿದ್ಯೆ ಕಲಿತಿದ್ದರು, ಕಾಲಿನಲ್ಲಿ ಕುತ್ತಿಗೆ ಬಿಗಿಯುವ ಪಟ್ಟು ಯಾವ ಕಡೆಯಿಂದ ಬೀಳುತ್ತದೆ ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಒಳ್ಳೆಯ ಡಿಸ್ಕಿನಲ್ಲೇ.

105 ನಿಮಿಷದ ಒಗಟು ನನಗೆ ಬಹಳ ಪ್ರಿಯವಾದದ್ದು. ಫಿಲಂ ಓಡುವುದು ಸೆಕೆಂಡಿಗೆ 24 ಫ್ರೇಮ್. ನಮ್ಮ ದೇಶದ ಪ್ಯಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25. ಟೆಲಿಸಿನಿಯಲ್ಲಿ ಸುಲಭದ ದಾರಿ ಎಂದರೆ ಚಿತ್ರವನ್ನು 25ಕ್ಕೇ ಓಡಿಸಿಬಿಡುವುದು. ಶೇಕಡಾ ನಾಲ್ಕರಷ್ಟು ವೇಗ ಹೆಚ್ಚು, ಕಣ್ಣಿಗೆ ತಿಳಿಯುವುದಿಲ್ಲ. 110 ನಿಮಿಷವನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ, 105.6 ಬರುತ್ತದೆ. ನಿಮ್ಮ ಡಬ್ಬಿಯ ಲೆಕ್ಕ ಅದೇ. ಹಾಗಾಗಿ ಹಾಸ್ಟೆಲಿನಲ್ಲಿ ನೋಡಿದ್ದಕ್ಕೆ ಕತ್ತರಿ ಬಿದ್ದಿತ್ತೆಂದು ಅವಧಿಯ ಆಧಾರದ ಮೇಲೆ ಹೇಳಲಾಗದು, ಚಿತ್ರ ಬೇಗ ಓಡಿತ್ತು ಅಷ್ಟೆ. ಶಬ್ದವೂ ಅದರ ಜೊತೆಗೇ ಬೇಗ ಓಡಿದ್ದರಿಂದ ಶ್ರುತಿ ಸುಮಾರು ಮುಕ್ಕಾಲು ಅರೆಸ್ವರದಷ್ಟು ಏರಿತ್ತು. ಈ ಚಿತ್ರದಲ್ಲಿ ರಿಗ್ಸ್‌ಗೆ ಎರಿಕ್ ಕ್ಲ್ಯಾಪ್ಟನ್ ಗಿಟಾರು, ಮರ್ಟಾಗೆ ಡೇವಿಡ್ ಸ್ಯಾನ್‌ಬಾರ್ನ್ ಸ್ಯಾಕ್ಸೊಫೋನು, ಎರಡನ್ನೂ ಮೈಕಲ್ ಕೇಮನ್ ಹೆಣೆದಿದ್ದಾರೆ. ಮೂವತ್ತು ವರ್ಷ ಕ್ಯಾಸೆಟ್ ಕೇಳಿದ ನಿಮ್ಮ ಕಿವಿಗೆ ಮೂಲ ಶ್ರುತಿಯೇ ತಗ್ಗಿದ ಹಾಗೆ ಕೇಳಿಸಿತು. ಇಷ್ಟು ಸೂಕ್ಷ್ಮ ಹಿಡಿದದ್ದು ಕಂಡು ಸಂತೋಷವಾಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ನನ್ನ ಕಿವಿಗೆ ಬಿದ್ದಿರಲಿಲ್ಲ, ಹಾರ್ಮೋನಿಯಂ ನುಡಿಸುವ ಸಹಾಯಕನೊಬ್ಬ ಹೇಳಿಕೊಟ್ಟ.

ನೀವು ಕೇಳದಿದ್ದರೂ ಇನ್ನೊಂದು ಮಾತು. ಇಂಥ 1.85 ಅಳತೆಯ (ಅಗಲ ಎತ್ತರದ 1.85 ಪಟ್ಟು) ಚಿತ್ರಗಳನ್ನು ಚೌಕದ ಟಿವಿಗೆ ಕೊಡುವಾಗ ಬದಿ ಕತ್ತರಿಸುತ್ತಿದ್ದರು, ಇಲ್ಲವೇ ಟಾಕೀಸಿನಲ್ಲಿ ಮುಚ್ಚಿಡುತ್ತಿದ್ದ ಮೇಲಿನ, ಕೆಳಗಿನ ಭಾಗ ತೆರೆದುಬಿಡುತ್ತಿದ್ದರು. ಹಾಗಾಗಿ ಕ್ಯಾಸೆಟ್ಟಿನಲ್ಲಿ ಕಂಡ ಕೆಲವು ತಲೆಯ ಮೇಲಿನ ಜಾಗ ಈಗ ಕಾಣದೆ ಹೋಗಬಹುದು. ನಿರ್ದೇಶಕ ಚೌಕಟ್ಟು ಕಟ್ಟಿದ್ದು ಅಗಲದ ರೂಪಕ್ಕೇ.

ಎರಡು ಆವೃತ್ತಿಗಳಲ್ಲಿ 1987ರ ಮಾರ್ಚ್‌ನಲ್ಲಿ ಅಮೆರಿಕದ ಟಾಕೀಸುಗಳಿಗೆ ಬಂದದ್ದು 110 ನಿಮಿಷದ್ದು. 117 ನಿಮಿಷದ ‘ಡೈರೆಕ್ಟರ್ಸ್ ಕಟ್’ 2000ದಲ್ಲಿ ಡಿವಿಡಿಯಲ್ಲಿ ಬಂತು. ಅದರಲ್ಲಿ ಶಾಲೆಯೊಂದರಲ್ಲಿ ಬಂದೂಕು ಹಿಡಿದವನೊಬ್ಬನನ್ನು ರಿಗ್ಸ್ ನೇರ ನಡೆದು ಹೋಗಿ ಎದುರಿಸುವ ದೃಶ್ಯವಿದೆ, ಒಂಟಿತನ ತಾಳಲಾರದೆ ಬೀದಿಯಲ್ಲಿ ನಿಂತ ಹೆಣ್ಣೊಬ್ಬಳನ್ನು ಸುಮ್ಮನೆ ಜೊತೆಗೆ ಕೂತು ಟಿವಿ ನೋಡಲು ಕರೆದೊಯ್ಯುವ ದೃಶ್ಯವೂ ಇದೆ. ಎರಡನೆಯದು ನನ್ನ ಮನಸ್ಸಿಗೆ ತಟ್ಟಿದೆ, ಹೆಂಡತಿ ಸತ್ತ ಗಂಡಿನ ಖಾಲಿತನ ಅಲ್ಲಿ ಮಾತಿಲ್ಲದೆ ಬರುತ್ತದೆ. ಶಾಲೆಯ ದೃಶ್ಯ ಬೇಕಿರಲಿಲ್ಲ ಎನಿಸುತ್ತದೆ. ಸಾವಿಗೆ ಹೆದರದವನು ಇವನು ಎಂಬುದನ್ನು ಮುಂದೆ ಮಹಡಿಯಿಂದ ಹಾರಲು ಹೊರಟವನ ದೃಶ್ಯ ಇನ್ನೂ ಚೆನ್ನಾಗಿ ಹೇಳುತ್ತದೆ, ಎರಡು ಸಲ ಹೇಳಿದಾಗ ಎರಡನೆಯದರ ಏಟು ತಗ್ಗುತ್ತದೆ. ಡಾನರ್ 2021ರಲ್ಲಿ ತೀರಿಕೊಂಡರು. 2025ರ ಜೂನ್‌ನಲ್ಲಿ ಬಂದ ಈ 4ಕೆ ಬಿಡುಗಡೆಯ ಬಣ್ಣ ಬೆಳಕನ್ನು ಪಕ್ಕದಲ್ಲಿ ಕೂತು ಒಪ್ಪಲು ಅವರು ಇರಲಿಲ್ಲ. ಎರಡೂ ಆವೃತ್ತಿ ಒಟ್ಟಿಗೆ ಕೊಟ್ಟದ್ದು ಒಳ್ಳೆಯದಾಯಿತು. ಮೊದಲು 110ರದ್ದು ನೋಡಿ, ಹಾಸ್ಟೆಲಿನಲ್ಲಿ ನೀವು ನೋಡಿದ ಚಿತ್ರ ಅದು. ಇನ್ನೊಂದನ್ನು ತಿಂಗಳು ಬಿಟ್ಟು ನೋಡಿ.

ಹಾಗಾಗಿ ಡಿಸ್ಕ್ ಮರಳಿಸಬೇಡಿ. ಓಟಿಟಿ ಸಾಕೆ ಎಂದರೆ, ಕಥೆಗೆ ಸಾಕು. 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಮಾಹಿತಿ ಕೊಡುತ್ತದೆ, 4ಕೆ ಡಿಸ್ಕ್ 100ರವರೆಗೂ ಹೋಗಬಲ್ಲದು. ಗ್ರೇನ್ ಪ್ರತಿ ಫ್ರೇಮಿನಲ್ಲೂ ಬದಲಾಗುವುದರಿಂದ ಅದನ್ನು ಅಡಕಗೊಳಿಸುವುದು ಬಹಳ ಕಷ್ಟ, ಕಡಿಮೆ ಮೆಗಾಬಿಟ್‌ನಲ್ಲಿ ಅದು ಚೌಕ ಚೌಕವಾಗಿ ಒಡೆಯುತ್ತದೆ ಇಲ್ಲವೇ ಕಂಪನಿಯೇ ಮೊದಲು ಒರೆಸಿ ಕಳಿಸುತ್ತದೆ. ಆ ಕೊಳಾಯಿ ನೀರಿನ ದೃಶ್ಯ ಅಲ್ಲಿ ಸೋಲುತ್ತದೆ. ಜೊತೆಗೆ ಒಪ್ಪಂದ ಮುಗಿದ ದಿನ ಚಿತ್ರವೇ ಮಾಯ, ಯಾವ ಆವೃತ್ತಿ ಹಾಕಬೇಕೆಂಬುದೂ ಅವರ ಇಷ್ಟ. ಟಿವಿ ಎಚ್‌ಡಿಆರ್‌ಗೆ ತೀರ ದುರ್ಬಲವಾಗಿದ್ದರೆ ಮಾತ್ರ ಮಾಮೂಲಿ ಬ್ಲೂರೇ ಒಳ್ಳೆಯದು. ಅಲ್ಲಿ ವಿವರ ಕಡಿಮೆ, ಬೆಳಕಿನ ತಂಟೆಯೂ ಕಡಿಮೆ.

ಡಿವಿಡಿ ಓಡದಿರುವುದಕ್ಕೆ ಕಾರಣ ಪ್ರಾಂತ್ಯದ ಬೀಗ, ಎಂದರೆ ಒಂದು ಪ್ರಾಂತ್ಯದ ಡಿಸ್ಕ್ ಇನ್ನೊಂದು ಪ್ರಾಂತ್ಯದ ಪ್ಲೇಯರಿನಲ್ಲಿ ಓಡದ ಹಾಗೆ ಮಾಡಿದ ಕಟ್ಟುಪಾಡು. ಅಮೆರಿಕದ ಪ್ಲೇಯರ್ ಡಿವಿಡಿಗೆ 1ನೇ ಪ್ರಾಂತ್ಯ, ಬ್ಲೂರೇಗೆ ಎ. ಭಾರತ ಡಿವಿಡಿಗೆ 5, ಬ್ಲೂರೇಗೆ ಸಿ. 4ಕೆ ಡಿಸ್ಕಿಗೆ ಬೀಗವಿಲ್ಲ, ಆದ್ದರಿಂದ ಅವು ಎಲ್ಲಿಂದ ತಂದರೂ ಓಡುತ್ತವೆ. ಪ್ರಾಂತ್ಯ ನಮೂದಿಸದ ಡಿವಿಡಿಗಳು ಕೂಡ ಪ್ಯಾಲ್ ಆಗಿದ್ದರೆ ಅಮೆರಿಕದ ಕೆಲವು ಪ್ಲೇಯರ್ ಒಪ್ಪುವುದಿಲ್ಲ. ನಿಮ್ಮ ಹಳೆಯ ಡಿವಿಡಿ ಪ್ಲೇಯರನ್ನು ಎಸೆಯದೆ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯ, ಹೊಸ ಪ್ಲೇಯರಿನ ಹಿಂಬದಿಯ ಚೀಟಿಯಲ್ಲಿ 100-240 ವೋಲ್ಟ್ ಎಂದಿದೆಯೇ ಈಗಲೇ ನೋಡಿ. ಬರೀ 120 ಎಂದಿದ್ದರೆ ವೋಲ್ಟೇಜ್ ತಗ್ಗಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಗೋಡೆಯ ಪ್ಲಗ್ಗಿಗೆ ಹಾಕಲೇಬಾರದು. ಡಿಸ್ಕ್ ನಡುನಡುವೆ ನಿಂತರೆ ಬೆರಳಚ್ಚು ನೋಡಿ, ಮೂರು ಪದರದ 4ಕೆ ಡಿಸ್ಕಿಗೆ ಸಣ್ಣ ಕೊಳೆಯೂ ಆಗದು. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಸುತ್ತಾಗಿ ಬೇಡ.

ಕಡೆಗೆ ಕಪಾಟು. ಬೂಷ್ಟು ಹಿಡಿದ ಎರಡು ಕ್ಯಾಸೆಟ್ಟಿನಲ್ಲಿ ಸಿನಿಮಾ ಕ್ಯಾಸೆಟ್ ಇಳಿಸಲು ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಅದರ ನೆಗೆಟಿವ್ ಇದೆ, ಡಿಸ್ಕ್ ನಿಮ್ಮ ಕೈಯಲ್ಲೇ ಇದೆ. 1996ರ ಮದುವೆ ಚಿತ್ರಕ್ಕೆ ನೆಗೆಟಿವ್ ಇಲ್ಲ. ಪ್ರಪಂಚದಲ್ಲಿ ಅದರ ಪ್ರತಿ ಇರುವುದು ಆ ಡಬ್ಬಿಯೊಳಗೆ ಮಾತ್ರ, ಅದೂ ಮಲೆನಾಡಿನ ಮಳೆಗಾಲಗಳನ್ನು ದಾಟಿ. ಅದನ್ನು ಈ ತಿಂಗಳೇ ಇಳಿಸಿ. ನೋಡೋಣವೆಂದು ಮನೆಯ ವಿಸಿಆರ್‌ಗೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಮೆತ್ತಿಕೊಂಡು ಟೇಪನ್ನು ಗೀರುತ್ತದೆ, ಎಳೆದು ಹರಿದರೂ ಹರಿಯಿತು, ಆಮೇಲೆ ಹಾಕುವ ಕ್ಯಾಸೆಟ್ಟಿಗೂ ಅಂಟುತ್ತದೆ. ಎರಡನ್ನೂ ಬೇರೆ ಬೇರೆ ಮುಚ್ಚಿದ ಡಬ್ಬಿಗೆ ಹಾಕಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ನೆಟ್ಟಗೆ ನಿಲ್ಲಿಸಿ. ಟೇಪ್ ಬಿಚ್ಚಿ ಒಣಬಟ್ಟೆಯಲ್ಲಿ ಬೂಷ್ಟು ತೆಗೆದು ಬೇರೆ ಕವಚಕ್ಕೆ ಹಾಕುವುದು ಬಲ್ಲವರ ಕೆಲಸ, ಕೊಡುವ ಮೊದಲು ಹಾಗೆ ಮಾಡುತ್ತಾರೋ ಇಲ್ಲವೋ ಕೇಳಿ. ವಿಸಿಆರ್ ತಯಾರಿಕೆ 2016ರಲ್ಲೇ ನಿಂತಿದೆ, ಸುಸ್ಥಿತಿಯ ಯಂತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಟೇಪಿನ ಚಿತ್ರದ ಅಲುಗಾಟ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರುವ ಯಂತ್ರದಲ್ಲೇ, 720 ಅಡ್ಡ 576ರಲ್ಲಿ, 25 ಫ್ರೇಮಿನಲ್ಲಿ ಇಳಿಸಿಕೊಡುತ್ತೀರಾ ಎಂದು ಕೇಳಿ. ‘4ಕೆ ಮಾಡಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ, ಇಲ್ಲಿ ಮಾತ್ರ ನಿಮ್ಮ ಸಹೋದ್ಯೋಗಿಯ ಮಾತು ಸರಿ. ಇಳಿಸಿದ ಫೈಲು ಮೂರು ಕಡೆ ಇರಲಿ, ಅದರಲ್ಲೊಂದು ಮಗಳ ಹತ್ತಿರ. ಮೂಲ ಕ್ಯಾಸೆಟ್ಟನ್ನು ಆಮೇಲೂ ಎಸೆಯಬೇಡಿ.